ತುಟಿಪಿಟಕ್ಕೆನ್ನದ ಸಾಫ್ಟ್‌ವೇರ್

ಕಂಪ್ಯೂಟರ್ ರಿಪೇರಿ ಮಾಡುವವನ ಹಣೆಬರಹ ಏನು ಗೊತ್ತಾ? ಕಂಪ್ಯೂಟರ್ ತಾನಾಗಿ ಕೆಡುವುದು ಅಪರೂಪ, ಮನುಷ್ಯರು ಕೆಡಿಸುವುದು ದಿನಾ. ಅದೂ ಕೆಡಿಸಿದವರು ಯಾರೂ ಬಾಯಿ ಬಿಡುವುದಿಲ್ಲ. ಇಷ್ಟು ವರ್ಷ ಕಳೆದರೂ ಮಸ್ಕತ್ತಿನ ಆ ಒಂದು ಬೇಸಿಗೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ.

ಮಸ್ಕತ್ತಿನ ಬೌಷರಿನಲ್ಲಿ ನಮ್ಮ ಹೆಡ್ ಆಫೀಸು. ಟೈಲ್ಸು, ನಲ್ಲಿ, ಕಮೋಡು ಮಾರುವ ಕಂಪನಿ. ನಾನು ಅದರ ಐಟಿ ಡಿಪಾರ್ಟ್‌ಮೆಂಟು. ಡಿಪಾರ್ಟ್‌ಮೆಂಟಿನಲ್ಲಿ ಇದ್ದದ್ದು ನಾನು ಮತ್ತು ಒಂದು ಸ್ಕ್ರೂಡ್ರೈವರು. ಆ ಬೇಸಿಗೆಗೆ ಸರಿಯಾಗಿ ಕಂಪನಿ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಂಡಿತು. ಅದೇ ಹೊತ್ತಿಗೆ ಮಂಗಳೂರಿನ ಮಾವನ ಮನೆಯಲ್ಲಿ ನನಗೆ ಮಗಳು ಹುಟ್ಟಿದಳು. ಹನ್ನೊಂದನೇ ದಿನ ಆಗಬೇಕಾದ ನಾಮಕರಣವನ್ನು, "ಅಪ್ಪ ಇಲ್ಲದೆ ಎಂತ ನಾಮಕರಣ?" ಎಂದು ನನ್ನ ಅಮ್ಮ ಮುಂದಕ್ಕೆ ಹಾಕಿಸಿದರು. ಅಷ್ಟರಲ್ಲಿ ಆಟಿ ತಿಂಗಳು ಹಿಡಿಯಿತು. ನಮ್ಮ ಕಡೆ ಆಟಿಯಲ್ಲಿ ಶುಭಕಾರ್ಯ ಮಾಡುವುದಿಲ್ಲ. ಆಟಿ ಕಳೆದ ಕೂಡಲೇ ಒಂದು ಒಳ್ಳೆಯ ದಿನ ಗೊತ್ತು ಮಾಡಿ, ಹೇಗಾದರೂ ಮಾಡಿ ಬಂದುಬಿಡು ಎಂದರು.

ಮುದೀರರ ಹತ್ತಿರ ಹೋದೆ. ಮುದೀರ್ ಅಂದರೆ ನಮ್ಮ ಮ್ಯಾನೇಜರು. ಒಮಾನಿ, ಒಳ್ಳೆಯ ಮನುಷ್ಯ, ಹಿಂದಿ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಮಗಳು ಹುಟ್ಟಿದ ಸುದ್ದಿ ಕೇಳಿ "ಮಬ್ರೂಕ್, ಮಬ್ರೂಕ್" ಎಂದು ಕೈ ಕುಲುಕಿದರು, ಖರ್ಜೂರ ತಿನ್ನಿಸಿದರು, ಕಾವಾ ಎಂಬ ಅರಬಿ ಕಾಫಿ ಕುಡಿಸಿದರು. ರಜೆ ಅಂದ ಕೂಡಲೇ ಮುಖ ಗಂಭೀರವಾಯಿತು.

"ಹೊಸ ಸಾಫ್ಟ್‌ವೇರ್ ಎಲ್ಲ ಕಂಪ್ಯೂಟರಿಗೆ ಹಾಕು. ಸಾಫ್ಟ್‌ವೇರ್ ಖಲಾಸ್, ಪಾಸ್‌ಪೋರ್ಟ್ ನಿನ್ನ ಕೈಗೆ."

ನನ್ನ ಪಾಸ್‌ಪೋರ್ಟ್ ಅವರ ಬೀರುವಿನೊಳಗಿತ್ತು. ಆಗೆಲ್ಲ ಹಾಗೇ, ನೌಕರರ ಪಾಸ್‌ಪೋರ್ಟ್ ಕಂಪನಿಯೇ ಇಟ್ಟುಕೊಳ್ಳುತ್ತಿತ್ತು. ಸಿಡಿ ಹಾಕಿ ನಾಲ್ಕು ಸಲ ನೆಕ್ಸ್ಟ್ ಒತ್ತುವ ಕೆಲಸ, ವಾರದೊಳಗೆ ಮುಗಿಸಿ ಸೂಟ್‌ಕೇಸ್ ಕಟ್ಟುತ್ತೇನೆ ಎಂದುಕೊಂಡೆ.

ಎರರ್ ಇಲ್ಲದ ಎರರು

ಆ ಸಾಫ್ಟ್‌ವೇರಿನ ಗುಣ ಹೇಳುತ್ತೇನೆ ಕೇಳಿ. ಕ್ಲಿಕ್ ಮಾಡಿದರೆ ಸ್ಕ್ರೀನಿನ ಮೇಲೆ ಮರಳು ಗಡಿಯಾರ ಒಂದು ಕ್ಷಣ ಬರುತ್ತದೆ, ಹೋಗುತ್ತದೆ. ಅಷ್ಟೇ. ಆಯಿತೋ ಇಲ್ಲವೋ ಹೇಳುವುದಿಲ್ಲ. ಒಂದು ಡಬ್ಬ ತೆರೆದು "ನನಗೆ ಜಾಗ ಸಾಲದು" ಅನ್ನಲಿ, "ನಿನ್ನ ವಿಂಡೋಸ್ ಸರಿ ಇಲ್ಲ" ಅನ್ನಲಿ, ಬೇಕಿದ್ದರೆ ನಾಲ್ಕು ಬೈಯಲಿ, ಬೈಸಿಕೊಳ್ಳಲು ನಾನು ತಯಾರು. ಊಹೂಂ. ತುಟಿಪಿಟಕ್ಕೆನ್ನುವುದಿಲ್ಲ. ಮತ್ತೆ ಕ್ಲಿಕ್ ಮಾಡಿದರೆ ಮತ್ತೆ ಅದೇ. ಮಾತು ಬಿಟ್ಟ ಹೆಂಡತಿಯ ಹತ್ತಿರವಾದರೂ ಪಾತ್ರೆ ಕುಕ್ಕುವ ಸದ್ದಿನಿಂದ ಕಾರಣ ತಿಳಿಯುತ್ತದೆ ಮಾರಾಯ್ರೆ, ಇದರಲ್ಲಿ ಅದೂ ಇಲ್ಲ.

ಮಾರಿದ ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗ ಬಂದ.

"ಸರ್, ಎರರ್ ಮೆಸೇಜ್ ಏನು ಬಂತು?"

"ಏನೂ ಬರಲಿಲ್ಲ."

"ಅದರ ಕೆಳಗೆ ಒಂದು ನಂಬರ್ ಇರುತ್ತೆ, ನೋಡಿ ಸರ್."

"ಮೆಸೇಜೇ ಬರಲಿಲ್ಲ ಮಾರಾಯ, ನಂಬರ್ ನನ್ನ ಜೇಬಿಂದ ತರಲಾ?"

"ಹಾಗಾದ್ರೆ ಯಾವ ಎರರೂ ಇಲ್ಲ. ಕರೆಕ್ಟಾ ಸರ್?"

"ಹ್ಞಾ, ಕರೆಕ್ಟು, ಆದರೆ..."

"ಥ್ಯಾಂಕ್ಯೂ ಸರ್. ಎರರ್ ಇಲ್ಲದ ಕಾರಣ ಕಂಪ್ಲೇಂಟ್ ಕ್ಲೋಸ್ ಮಾಡ್ತಿದ್ದೇನೆ. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?"

ನಾನು ಕೊಟ್ಟ ಉತ್ತರ ತುಳುವಿನಲ್ಲಿತ್ತು. ಅದಕ್ಕೂ ಅವನು ಥ್ಯಾಂಕ್ಯೂ ಅಂದ.

ಮೂರು ಕಾವಲು

ಮೊದಲು ಹಾಕಬೇಕಾದದ್ದು ಮುದೀರರ ಕಂಪ್ಯೂಟರಿಗೇ. ದಿನಾ ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ "ಖಲಾಸ್?" ಎನ್ನುತ್ತಿದ್ದರು. "ನಹೀ ಸರ್" ಎನ್ನುತ್ತಿದ್ದೆ. "ಯಲ್ಲಾ, ಯಲ್ಲಾ" ಎಂದು ಅವಸರಿಸಿ ಬೀರುವಿನ ಕಡೆ ಒಮ್ಮೆ ನೋಡಿ ಕಾವಾ ಕುಡಿಯುತ್ತಿದ್ದರು. ಆ ಬೀರುವನ್ನು ನೋಡಿದರೆ ನನ್ನ ಮಗಳೇ ಅದರೊಳಗೆ ಇದ್ದಾಳೇನೋ ಎನಿಸುತ್ತಿತ್ತು.

ಎಲ್ಲ ತಡಕಾಡಿದ ಮೇಲೆ ಗೊತ್ತಾಯಿತು, ಆ ಒಂದು ಬಡ ಕಂಪ್ಯೂಟರಿನಲ್ಲಿ ಮೂರು ಆಂಟಿವೈರಸ್ ಇದ್ದವು. ಒಂದು ನಾನು ಹಾಕಿದ್ದು. ಒಂದು ಅವರ ಅಣ್ಣನ ಮಗ ಪ್ರೀತಿಯಿಂದ ಹಾಕಿಕೊಟ್ಟದ್ದು. ಮತ್ತೊಂದು ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು. ಮೂರೂ ಸೇರಿ ಹೊಸದಾಗಿ ಬಂದವರೆಲ್ಲರ ಕತ್ತನ್ನು ಬಾಗಿಲಲ್ಲೇ ಹಿಸುಕುತ್ತಿದ್ದವು. ಅದನ್ನು ಹೇಳುವ ಸೌಜನ್ಯ ಒಂದಕ್ಕೂ ಇರಲಿಲ್ಲ.

"ಸರ್, ಎರಡನ್ನು ತೆಗೆಯಬೇಕು" ಎಂದೆ.

"ಒಬ್ಬ ಕಾವಲುಗಾರನಿಗಿಂತ ಮೂವರು ಒಳ್ಳೆಯದಲ್ಲವಾ?"

"ಮೂವರೂ ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡಿಯುತ್ತಿದ್ದಾರೆ ಸರ್."

ಅವರು ಯೋಚಿಸಿದರು. ಪುಕ್ಕಟೆಯದು ಹೋಗಲಿ, ಆದರೆ ಅಣ್ಣನ ಮಗನದು ತೆಗೆದರೆ ಹುಡುಗ ನೊಂದುಕೊಳ್ಳುತ್ತಾನೆ ಎಂದರು. ಕೊನೆಗೆ ಹುಡುಗನಿಗೇ ಫೋನ್ ಮಾಡಿ, ಅರಬಿಯಲ್ಲಿ ಅರ್ಧ ಗಂಟೆ ಮನೆಯವರ ಯೋಗಕ್ಷೇಮವೆಲ್ಲ ಕೇಳಿ ಮುಗಿಸಿ, ಒಪ್ಪಿಗೆ ಪಡೆದರು. ಎರಡನ್ನು ಕಿತ್ತೆ. ಸಾಫ್ಟ್‌ವೇರ್ ಬೆಣ್ಣೆಯ ಹಾಗೆ ಕೂತಿತು. "ಖಲಾಸ್!" ಎಂದು ನಾನೇ ಕೂಗಿದೆ.

ಮರುದಿನ ಬೆಳಿಗ್ಗೆ ಕರೆ ಬಂತು. ಸಾಫ್ಟ್‌ವೇರ್ ತೆರೆಯುವುದಿಲ್ಲವಂತೆ. ಹೋಗಿ ನೋಡಿದರೆ ಹೊಚ್ಚಹೊಸ ಆಂಟಿವೈರಸ್ ಒಂದು ಮಧ್ಯದಲ್ಲಿ ಮೆರೆಯುತ್ತಿದೆ.

"ಇದ್ಯಾಕೆ ಸರ್?"

"ಅಷ್ಟು ಕಷ್ಟಪಟ್ಟು ಹೊಸ ಸಾಫ್ಟ್‌ವೇರ್ ಹಾಕಿದ್ದೀಯ, ಅದಕ್ಕೊಬ್ಬ ಕಾವಲು ಬೇಡವಾ?" ಎಂದರು ಮುದೀರ್.

ಸೂರಿನ ಬಂಗುಡೆ

ಆ ಕಾವಲನ್ನೂ ಕಿತ್ತ ಮೇಲೆ ಮುಂದಿನದು ಸೂರ್ ಬ್ರಾಂಚು. ಸಮುದ್ರದ ಬದಿಯ ಊರು, ಮರದ ಹಡಗು ಕಟ್ಟುವ ಜಾಗ. ಅಲ್ಲಿಯ ಅಂಗಡಿ ನೋಡಿಕೊಳ್ಳುತ್ತಿದ್ದವರು ಕಾರ್ಕಳ ಕಡೆಯ ಒಬ್ಬರು ಅಣ್ಣ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲೇ, ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆ ಅಂಗಡಿಯ ಕಂಪ್ಯೂಟರು ಮುದುಕ. ಇನ್‌ಸ್ಟಾಲ್ ಶುರುವಾಯಿತು, ನೀಲಿ ಪಟ್ಟಿ ಬಸವನಹುಳದ ಹಾಗೆ ತೆವಳತೊಡಗಿತು. ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಒಮಾನಿನಲ್ಲಿ ಆ ಹೊತ್ತಿಗೆ ಅಂಗಡಿಯೆಲ್ಲ ಬಂದ್, ಮತ್ತೆ ತೆರೆಯುವುದು ನಾಲ್ಕಕ್ಕೆ.

"ಅದು ಅದರಷ್ಟಕ್ಕೆ ಆಗ್ತಾ ಇರಲಿ, ನೀವು ಮನೆಗೆ ಬನ್ನಿ. ಬಂಗುಡೆ ಉಂಟು" ಎಂದರು ಅಣ್ಣ.

ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಮೇಲೊಂದು ಕಾವಲಿಯಲ್ಲಿ ಹುರಿದದ್ದು. ಉಂಡು ಎಸಿ ರೂಮಿನಲ್ಲಿ ಮಲಗಿದವನಿಗೆ ಅವರು ಯಾವಾಗ ಎದ್ದು ಹೋದರೆಂದೇ ಗೊತ್ತಾಗಲಿಲ್ಲ. ನಾನು ಎದ್ದು ಅಂಗಡಿಗೆ ಹೋದರೆ ಅವರು ಆಗಲೇ ಗಿರಾಕಿಗೆ ವಾಶ್‌ಬೇಸಿನ್ ತೋರಿಸುತ್ತಿದ್ದಾರೆ, ಕಂಪ್ಯೂಟರ್ ನನ್ನ ಮುಂದೆ ಮಳ್ಳಿಯ ಹಾಗೆ ಕೂತಿದೆ. ನೀಲಿ ಪಟ್ಟಿ ಇಲ್ಲ, ಸಾಫ್ಟ್‌ವೇರೂ ಇಲ್ಲ. ಎರರ್? ಅದಂತೂ ಮೊದಲೇ ಇಲ್ಲ.

ಮರುದಿನವೂ ಹಾಗೆಯೇ ಆಯಿತು. ಬೆಳಿಗ್ಗೆ ಶುರು, ಮಧ್ಯಾಹ್ನ ಬಂಗುಡೆ, ಸಂಜೆ ಸೊನ್ನೆ. ಸಿಡಿ ಬದಲಿಸಿದೆ, ಸಿಡಿ ಡ್ರೈವ್ ಒರೆಸಿದೆ, ಸಾಫ್ಟ್‌ವೇರ್ ಬರೆದವನ ಏಳು ತಲೆಮಾರನ್ನು ನೆನೆದೆ. ಊರಲ್ಲಿ ಮಗು ಕವುಚಿ ಬೀಳಲು ನೋಡುತ್ತಿದೆಯಂತೆ, ನಾನಿಲ್ಲಿ ಪಟ್ಟಿ ನೋಡುತ್ತಾ ಕೂತಿದ್ದೇನೆ.

ಮೂರನೆಯ ದಿನ ಹಟ ಹಿಡಿದೆ. "ಇವತ್ತು ಊಟವೂ ಬೇಡ, ನಿದ್ದೆಯೂ ಬೇಡ. ಇದು ಎಲ್ಲಿ ಸಾಯುತ್ತದೆ ಅಂತ ಕಣ್ಣಾರೆ ನೋಡಿಯೇ ನೋಡುತ್ತೇನೆ."

ಅಣ್ಣನಿಗೆ ಬೇಸರವಾಯಿತು. ಮೀನು ತಂದಾಗಿದೆ, ಮಸಾಲೆ ಹಚ್ಚಿಟ್ಟಾಗಿದೆ ಎಂದರು. ನಾನು ಜಗ್ಗಲಿಲ್ಲ. "ಹಾಗಾದರೆ ಕಟ್ಟಿಸಿಕೊಂಡು ಬರ್ತೇನೆ" ಎಂದು ಹೊರಗೆ ಹೋಗಿ ಶಟರ್ ಎಳೆದುಕೊಂಡರು. ಶಟರ್ ನೆಲಕ್ಕೆ ತಾಗಿದ್ದೇ ತಡ, ಟಪ್ಪೆಂದು ಕತ್ತಲೆ. ದೀಪ ಹೋಯಿತು, ಎಸಿ ಹೋಯಿತು, ನನ್ನ ನೀಲಿ ಪಟ್ಟಿಯೂ ಹೋಯಿತು. ಸೂರಿನ ಜುಲೈ ತಿಂಗಳ ಸೆಕೆಯಲ್ಲಿ, ಮುಚ್ಚಿದ ಅಂಗಡಿಯೊಳಗೆ, ಸುತ್ತ ಕಮೋಡುಗಳ ನಡುವೆ ನಾನು. ಕರೆಂಟ್ ಈಗ ಬಂದೀತು, ಆಗ ಬಂದೀತು ಎಂದು ಹತ್ತು ನಿಮಿಷ ಕಾದು, ಮೊಬೈಲು ತೆಗೆದು ಒದರಿದೆ.

"ಅಣ್ಣಾ, ಇಲ್ಲಿ ಕರೆಂಟ್ ಹೋಯ್ತು!"

"ಹೋಗಲಿಲ್ಲ. ನಾನೇ ತೆಗೆದದ್ದು. ಮೈನ್ ಸ್ವಿಚ್ ಹೊರಗೆ ಗೋಡೆಯಲ್ಲಿ ಉಂಟಲ್ಲ, ಶಟರ್ ಎಳೆದ ಮೇಲೆ ತೆಗೆಯುವುದು. ಕರೆಂಟ್ ಉಳಿಸಬೇಕು ಅಂತ ಅಂಗಡಿಯ ಧಣಿ ಕಫೀಲರ ಆರ್ಡರು."

"ದಿನಾ ತೆಗೀತೀರಾ?"

"ಮತ್ತೆ? ನಾಲ್ಕಕ್ಕೆ ಮೊದಲು ಬಂದು ಹಾಕಿ, ಕಂಪ್ಯೂಟರಿಗೆ ಪಾಸ್‌ವರ್ಡ್ ಕೂಡ ಹೊಡೆದಿಡ್ತೇನೆ. ನಿಮಗೆ ತೊಂದರೆ ಬೇಡ ಅಂತ."

"ಅಯ್ಯೋ ದೇವರೇ! ಇವತ್ತು ನಾನು ಒಳಗೇ ಇದ್ದೇನಲ್ಲ!"

ಆ ಕಡೆಯಿಂದ ಚುಂಯ್ ಎಂದು ಕಾವಲಿಯ ಸದ್ದು ಕೇಳಿಸಿತು.

"ಹೌದಲ್ವಾ? ಕೈಗೆ ಅಭ್ಯಾಸ ಆಗಿಹೋಗಿದೆ ನೋಡಿ. ಸ್ವಲ್ಪ ತಡೆಯಿರಿ ಆಯ್ತಾ, ಬಂಗುಡೆ ಕಾವಲಿಯಲ್ಲಿ ಉಂಟು, ಮಗುಚಿ ಹಾಕಿ ಬರ್ತೇನೆ."

ಮನೆಯಿಂದ ಫೋನು

ಸೂರಿನದು ಮುಗಿಸಿ ಮಸ್ಕತ್ತಿಗೆ ಮರಳಿದ ವಾರ ಹೆಂಡತಿಯ ಫೋನು. "ಟಿಕೆಟ್ ಆಯ್ತಾ?"

"ಇನ್ನೊಂದೇ ಕಂಪ್ಯೂಟರ್ ಬಾಕಿ. ಅಕೌಂಟೆಂಟರದ್ದು."

"ಮೊನ್ನೆಯೂ ಒಂದೇ ಬಾಕಿ ಅಂದಿರಿ."

"ಅದು ಬೇರೆ ಒಂದು."

"ನೋಡಿ, ಇಲ್ಲಿ ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೀತಿದ್ದಾರೆ. ನನ್ನಮ್ಮ ಪುಟ್ಟಿ ಅಂತಾರೆ, ನಿಮ್ಮಮ್ಮ ಚಿನ್ನು ಅಂತಾರೆ, ನನ್ನಣ್ಣ ಬೊಗ್ಗಿ ಅಂತಾನೆ. ಈ ಸಲವೂ ಆಗದಿದ್ರೆ ಬೊಗ್ಗಿಯೇ ಗಟ್ಟಿಯಾಗ್ತದೆ, ಆಮೇಲೆ ನನ್ನನ್ನು ಹೇಳಬೇಡಿ."

ನನ್ನ ಮಗಳು ಬೊಗ್ಗಿ! ನಮ್ಮ ಊರಲ್ಲಿ ಆ ಹೆಸರಿನ ನಾಯಿ ಇತ್ತು. ಫೋನಿಟ್ಟವನೇ ಸಿಡಿ ಹಿಡಿದುಕೊಂಡು ಅಕೌಂಟೆಂಟರ ಟೇಬಲ್ಲಿಗೆ ನುಗ್ಗಿದೆ.

ಕಂಪ್ಯೂಟರಿಗೆ ಬಂದ ಜ್ಯೇಷ್ಠ

ಅಕೌಂಟೆಂಟರು ಮೈಸೂರಿನವರು, ಹಿರಿಯರು. ಬಲು ಮಡಿವಂತ ಮಾತು. ನಾನು ಯಾವಾಗ ಹೋದರೂ ಅವರದ್ದು ಒಂದೊಂದು ತಕರಾರು. ಇವತ್ತು ಮಂಗಳವಾರ ಬೇಡ ಕಣ್ರೀ, ಇವತ್ತು ಅಮಾವಾಸ್ಯೆ ಬೇಡ ಕಣ್ರೀ, ಈಗ ರಾಹುಕಾಲ, ಕಾಫಿ ಕುಡೀರಿ. ಕೊನೆಗೆ ಮುದೀರರ ಹೆಸರು ಹೇಳಿ ಹೆದರಿಸಿದ ಮೇಲೆ, "ಆಯ್ತು ಸ್ವಾಮಿ, ನಾಳೆ ಬನ್ನಿ, ಎಲ್ಲಾ ಸಿದ್ಧ ಮಾಡಿಟ್ಟಿರ್ತೀನಿ" ಎಂದರು.

ಮರುದಿನ ಹೋದರೆ ಮಾನಿಟರಿಗೆ ಕುಂಕುಮ, ಕೀಬೋರ್ಡಿನ ಪಕ್ಕ ಎರಡು ಬಾಳೆಹಣ್ಣು. ಅವರೇ ಕೈಮುಗಿದು ಮೌಸ್ ಹಿಡಿದು ಮೊದಲ ಕ್ಲಿಕ್ ಮಾಡಿದರು. ಮರಳು ಗಡಿಯಾರ ಬಂತು, ಹೋಯಿತು. ಮುಂದೆ ಏನೂ ಇಲ್ಲ.

ಆಂಟಿವೈರಸ್ ನೋಡಿದೆ, ಒಂದೇ. ಮೈನ್ ಸ್ವಿಚ್ ನೋಡಿದೆ, ಸರಿ ಇತ್ತು. ಮೆಮೊರಿ ಬದಲಿಸಿದೆ. ಕೊನೆಗೆ ಅವರ ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದೆ. ಹೊಸ ಕಂಪ್ಯೂಟರಿನ ಹಾಗೆ ಪಳಪಳ ಹೊಳೆಯಿತು. ಕ್ಲಿಕ್ ಮಾಡಿದೆ. ಬಂತು, ಹೋಯಿತು. ಅಕೌಂಟೆಂಟರು ಪಕ್ಕದಲ್ಲಿ ಬಾಳೆಹಣ್ಣು ಸುಲಿಯುತ್ತಾ, "ತಾಳ್ಮೆ ಇರಬೇಕು ಕಣ್ರೀ" ಎಂದರು. ನನಗೆ ಆ ಹಣ್ಣನ್ನೇ ಕಿತ್ತುಕೊಂಡು ಸಿಡಿ ಡ್ರೈವಿಗೆ ತುರುಕುವಷ್ಟು ಸಿಟ್ಟು ಬಂತು.

ಸೋತು ಮೌಸ್ ಬಿಟ್ಟು ಕೈಚೆಲ್ಲಿ ಕೂತೆ. ಮೌಸಿನ ಬಾಣ ಕೆಳಗಡೆ ಮೂಲೆಯ ಗಡಿಯಾರದ ಮೇಲೆ ಹೋಗಿ ನಿಂತಿತ್ತು. ಅಲ್ಲಿ ಸಾಮಾನ್ಯವಾಗಿ ಗಂಟೆ ಮಾತ್ರ ಕಾಣುತ್ತದೆ, ಗಂಟೆ ಸರಿಯಾಗಿಯೇ ಇತ್ತು. ಬಾಣ ನಿಂತದ್ದರಿಂದ ಪುಟ್ಟದಾಗಿ ತಾರೀಕು ಎದ್ದು ತೋರಿತು. ತಾರೀಕು ಹೋದ ತಿಂಗಳಿನದು!

"ಇದೇನು ಸಾರ್, ನಿಮ್ಮ ಕಂಪ್ಯೂಟರ್ ಹೋದ ತಿಂಗಳಲ್ಲಿದೆ?"

"ಹ್ಞೂಂ, ನಾನೇ ಇಟ್ಟೆ."

"ನೀವೇ ಇಟ್ರಾ? ಯಾಕೆ?"

"ಈಗ ಆಷಾಢ ಅಲ್ವೇನ್ರೀ? ಆಷಾಢದಲ್ಲಿ ಹೊಸದು ಏನಾದ್ರೂ ಶುರು ಮಾಡ್ತಾರಾ? ನೀವೋ ಬಿಡೋ ಪೈಕಿ ಅಲ್ಲ. ಅದಕ್ಕೇ ಜ್ಯೇಷ್ಠದಲ್ಲಿ ಒಂದು ಒಳ್ಳೇ ಪಂಚಮಿ ನೋಡಿ ಅಲ್ಲಿಗೆ ತಿರುಗಿಸಿಟ್ಟೆ. ಗುರುವಾರ ಬೇರೆ. ಕಂಪ್ಯೂಟರಿಗೆ ಎಲ್ಲಾ ಒಂದೇ."

ಕಂಪ್ಯೂಟರಿಗೆ ಎಲ್ಲ ಒಂದೇ ಆಗಿರಬಹುದು, ಆದರೆ ನಮ್ಮ ಸಾಫ್ಟ್‌ವೇರಿನ ಲೈಸೆನ್ಸ್ ಶುರುವಾಗುವುದೇ ಈ ತಿಂಗಳ ಒಂದನೇ ತಾರೀಕಿಗೆ. ಅದಕ್ಕಿಂತ ಹಿಂದಿನ ತಾರೀಕು ಕಂಡರೆ ಅದು ಸದ್ದಿಲ್ಲದೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಫಾರ್ಮ್ಯಾಟ್ ಮಾಡಿದರೂ ತಾರೀಕು ಹೋಗುವುದಿಲ್ಲ, ಅದು ಕಂಪ್ಯೂಟರಿನ ಹೊಟ್ಟೆಯೊಳಗಿನ ಬ್ಯಾಟರಿಯಲ್ಲಿ ಬದುಕಿರುತ್ತದೆ. ನನಗೆ ಮೈಯೆಲ್ಲ ಉರಿಯಿತು.

"ಅಲ್ಲ ಸಾರ್, ಓದಿದವರು ನೀವು! ತಾರೀಕು ತಿರುಗಿಸಿದರೆ ಕಾಲ ತಿರುಗುತ್ತದಾ? ಯಾರಿಗೆ ಮೋಸ ಮಾಡ್ತಿದ್ದೀರಿ? ಗಡಿಯಾರಕ್ಕೆ ಸುಳ್ಳು ಹೇಳಿ ಮುಹೂರ್ತ ಸಾಧಿಸಿದವರನ್ನು ನಾನು ನನ್ನ ಜನ್ಮದಲ್ಲೇ ನೋಡಿಲ್ಲ!"

ಅವರು ಶಾಂತವಾಗಿ ಕೇಳಿದರು. "ನಿಮ್ಮ ಮಗು ನಾಮಕರಣ ಯಾಕ್ರೀ ಮುಂದಕ್ಕೆ ಹೋಯ್ತು?"

"ಅದು... ಆಟಿ ಅಂತ."

"ನಿಮಗೆ ಆಟಿ, ನಮಗೆ ಆಷಾಢ. ಕೂತ್ಕೊಳ್ಳಿ, ಬಾಳೆಹಣ್ಣು ತಗೊಳ್ಳಿ."

ನಾನು ಕೂರಲಿಲ್ಲ. ತಾರೀಕು ಸರಿ ಮಾಡಿದೆ, ಕ್ಲಿಕ್ ಮಾಡಿದೆ, ಸಾಫ್ಟ್‌ವೇರ್ ಇನ್‌ಸ್ಟಾಲ್ ಆಯಿತು. ಆಷಾಢದಲ್ಲೇ ಆಯಿತಲ್ಲ, ಈಗ ಏನು ಹೇಳುತ್ತೀರಿ ಎಂಬಂತೆ ಅವರ ಮುಖ ನೋಡಿದೆ. ಅವರಿಗೆ ಬಹಳ ಸಮಾಧಾನವಾಗಿತ್ತು.

"ನಾನು ಮೊದಲ ಕ್ಲಿಕ್ ಮಾಡಿದ್ದು ಜ್ಯೇಷ್ಠದಲ್ಲಿ ಅಲ್ವೇನ್ರೀ? ಆರಂಭ ಒಳ್ಳೇ ದಿನ ಆದ್ರೆ ಸಾಕು. ಮುಗಿಯೋದು ಯಾವಾಗ ಬೇಕಾದ್ರೂ ಮುಗೀಲಿ."

ಹತ್ತೂವರೆ

ಮುದೀರರು ಬೀರು ತೆರೆದರು. ಒಂದೇ ವಾರ ರಜೆ ಎಂದರು. ನಾಮಕರಣದ ದಿನ ಬೆಳಿಗ್ಗೆ ಬೇಗ ಮಂಗಳೂರು ಮುಟ್ಟುವ ವಿಮಾನ. ಅದು ಹೊತ್ತಿಗೆ ಸರಿಯಾಗಿ ಯಾಕೆ ಹೊರಡಲಿಲ್ಲ ಅಂತ ಯಾರೂ ಹೇಳಲಿಲ್ಲ. ಬೋರ್ಡಿನಲ್ಲೂ ಏನೂ ಬರೆಯಲಿಲ್ಲ. ಕೇಳಿದರೆ ಕೌಂಟರಿನ ಹುಡುಗಿ ನಕ್ಕಳು. ಅಲ್ಲೂ ಎರರ್ ಮೆಸೇಜ್ ಇಲ್ಲ!

ಟ್ಯಾಕ್ಸಿಯಿಂದ ಇಳಿದು ಮಾವನ ಮನೆಗೆ ಓಡಿದಾಗ ಗೋಡೆ ಗಡಿಯಾರ ಹನ್ನೆರಡು ಹೊಡೆಯುತ್ತಿತ್ತು. ಭಟ್ರು ಚೀಲ ಹೆಗಲಿಗೇರಿಸಿ ಹೊರಟು ನಿಂತಿದ್ದರು. ತೊಟ್ಟಿಲಿಗೆ ಕಟ್ಟಿದ ಮಲ್ಲಿಗೆ ಬಾಡುತ್ತಿತ್ತು. ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

"ಮುಹೂರ್ತ ಹನ್ನೊಂದಕ್ಕೆ ಮುಗಿಯಿತು. ನಾನು ಕಾಯುವಷ್ಟು ಕಾದೆ. ಇನ್ನು ಒಳ್ಳೆಯ ದಿನ ಇರುವುದು ಮುಂದಿನ ತಿಂಗಳು" ಎಂದರು ಭಟ್ರು.

ಮುಂದಿನ ತಿಂಗಳು ನಾನು ಬೌಷರಿನಲ್ಲಿ ಕಮೋಡುಗಳ ಲೆಕ್ಕಕ್ಕೆ ಕಂಪ್ಯೂಟರ್ ರಿಪೇರಿ ಮಾಡುತ್ತಿರುತ್ತೇನೆ, ಮಗಳು ಬೊಗ್ಗಿಯಾಗಿರುತ್ತಾಳೆ. ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಉಕ್ಕಿತು. ಭಟ್ರ ಮುಖಕ್ಕೆ ನನ್ನ ಎಡಗೈ ಹಿಡಿದೆ.

"ಭಟ್ರೆ, ಇಲ್ಲಿ ನೋಡಿ. ಎಷ್ಟು ಗಂಟೆ?"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹತ್ತೂವರೆ. ನಿಮ್ಮ ವಾಚ್ ನಿಂತಿದೆ."

"ನಿಂತಿಲ್ಲ, ಓಡ್ತಾ ಉಂಟು. ಅದು ಮಸ್ಕತ್ ಟೈಮು. ಈ ಮಗುವಿನ ಅಪ್ಪನ ಟೈಮು! ಆ ತೊಟ್ಟಿಲು ಮಸ್ಕತ್ತಿನ ದುಡಿಮೆಯದ್ದು, ಆ ಪಟ್ಟೆಸೀರೆ ಮಸ್ಕತ್ತಿನದ್ದು, ಹಿತ್ತಲಲ್ಲಿ ಬೇಯುತ್ತಿರುವ ಪಾಯಸ ಮಸ್ಕತ್ತಿನದ್ದು. ಎಲ್ಲ ಅಲ್ಲಿಯದ್ದು ಆಗ್ತದೆ, ಟೈಮ್ ಮಾತ್ರ ಆಗುವುದಿಲ್ವಾ? ನನ್ನ ಲೆಕ್ಕದಲ್ಲಿ ಇನ್ನೂ ಅರ್ಧ ಗಂಟೆ ಮುಹೂರ್ತ ಉಂಟು. ಕೂತುಕೊಳ್ಳಿ!"

ಭಟ್ರು ನನ್ನ ವಾಚನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಹಿತ್ತಲಿಂದ ಪಾಯಸದ ಪರಿಮಳ ಬರುತ್ತಿತ್ತು. ನಿಧಾನವಾಗಿ ಚೀಲ ಕೆಳಗಿಟ್ಟರು. ಮಾವ ಎದ್ದು ಹೋಗಿ ಗೋಡೆ ಗಡಿಯಾರದ ಮೇಲೆ ಟವೆಲ್ ಹಾಕಿದರು.

ಹೆಂಡತಿ ಮಗುವನ್ನು ನನ್ನ ಮಡಿಲಿಗೆ ಕೊಡುತ್ತಾ ಕಿವಿಯಲ್ಲಿ ಕೇಳಿದಳು. "ಆ ಅಕೌಂಟೆಂಟರಿಗೆ ಅಷ್ಟು ಬೈದೆ ಅಂದಿರಲ್ಲ ಫೋನಲ್ಲಿ?"

"ಅದು ಬೇರೆ, ಇದು ಬೇರೆ" ಎಂದು ಗದರಿದೆ.

ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಸರು ಬರೆದೆ. ಆಮೇಲೆ ಬಗ್ಗಿ ಮಗಳ ಕಿವಿಯಲ್ಲಿ ಆ ಹೆಸರನ್ನು ಹೇಳಿದೆ. ಹುಟ್ಟಿದ ಮೇಲೆ ಅವಳು ನನ್ನನ್ನು ಮೊದಲ ಸಲ ನೋಡುತ್ತಿದ್ದುದೇ ಆಗ. ಕಣ್ಣರಳಿಸಿ ನೋಡಿದಳು. ಏನೂ ಇಲ್ಲ. ಮತ್ತೊಮ್ಮೆ ಹೇಳಿದೆ. ಆಗಲೂ ಏನೂ ಇಲ್ಲ, ಸುಮ್ಮನೆ ನೋಡಿದಳು. ದೇವರೇ, ಇದೂ ಆ ಸಾಫ್ಟ್‌ವೇರಿನ ಹಾಗೆಯೇನಾ?

ಮೂರನೆಯ ಸಲ ಹೇಳಿದೆ ನೋಡಿ, ಮುಖ ಕೆಂಪಾಯಿತು, ಬಾಯಿ ಅಗಲವಾಯಿತು, ಮನೆಯ ಹೆಂಚು ಹಾರುವ ಹಾಗೆ ಕಿರುಚಿದಳು. ಅಮ್ಮ ಓಡಿ ಬಂದರು, ಅತ್ತೆ ಓಡಿ ಬಂದರು. "ಮೀಸೆ ಚುಚ್ಚಿರಬೇಕು, ಕೊಡಿ ಇಲ್ಲಿ" ಎಂದು ಹೆಂಡತಿ ಕೈಚಾಚಿದಳು.

ನಾನು ಕೊಡಲಿಲ್ಲ. "ಕೂಗಲಿ ಬಿಡೇ" ಎಂದೆ. ನನ್ನ ಕಣ್ಣಲ್ಲೂ ನೀರು. "ಇಷ್ಟು ದಿನದಲ್ಲಿ ಇವಳೊಬ್ಬಳಾದರೂ ಬಾಯಿಬಿಟ್ಟು ಹೇಳಿದಳಲ್ಲ!"